ಸುಖಾಂತದ ಲೆಕ್ಕ

ಪ್ರೇಮದ ಹಾಸ್ಯಚಿತ್ರಗಳನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. ನಾಯಕ-ನಾಯಕಿ ಮೊದಲ ಭೇಟಿಯಲ್ಲೇ ಜಗಳವಾಡಿದರೆ ಕೊನೆಗೆ ಒಂದಾಗುತ್ತಾರೆ ಎಂದು ಯಾರು ಬೇಕಾದರೂ ಹೇಳಬಹುದು. ನನ್ನ ತಕರಾರು ಅದಕ್ಕಲ್ಲ. ಯಕ್ಷಗಾನಕ್ಕೆ ಹೋದವರಿಗೆ ಪ್ರಸಂಗದ ಕೊನೆ ಗೊತ್ತೇ ಇರುತ್ತದೆ, ಆದರೂ ಬೆಳಗಿನ ತನಕ ಕೂತು ನೋಡುತ್ತಾರೆ. ಆ ಕೊನೆಯನ್ನು ಮುಟ್ಟುವ ಅವಸರದಲ್ಲಿ ಚಿತ್ರ ಏನನ್ನು ದಾಟಿಕೊಂಡು ಹೋಗುತ್ತದೆ ಎನ್ನುವುದು ನನಗೆ ಮುಖ್ಯ.

ನೋರಾ ಎಫ್ರಾನ್ ನಿರ್ದೇಶಿಸಿದ ‘ಯೂ ಹ್ಯಾವ್ ಗಾಟ್ ಮೇಲ್’ (1998) ಚಿತ್ರವನ್ನೇ ನೋಡಿ. ನ್ಯೂಯಾರ್ಕಿನಲ್ಲಿ ಕ್ಯಾಥ್ಲೀನ್‌ಗೆ (ಮೆಗ್ ರಯಾನ್) ತಾಯಿಯಿಂದ ಬಂದ ಪುಟ್ಟದೊಂದು ಮಕ್ಕಳ ಪುಸ್ತಕದಂಗಡಿ ಇದೆ. ಅದರ ಹತ್ತಿರದಲ್ಲೇ ಜೋ ಫಾಕ್ಸ್ (ಟಾಮ್ ಹ್ಯಾಂಕ್ಸ್) ರಿಯಾಯಿತಿ ದರದ ಭಾರೀ ಮಳಿಗೆ ತೆರೆಯುತ್ತಾನೆ. ಎದುರಾದಾಗಲೆಲ್ಲ ಕಿತ್ತಾಡುವ ಇವರಿಬ್ಬರೇ ಇಮೇಲಿನಲ್ಲಿ, ಪರಸ್ಪರ ಹೆಸರು ತಿಳಿಯದ ಆಪ್ತರು. ಕಡೆಗೆ ಕ್ಯಾಥ್ಲೀನ್ ಅಂಗಡಿಗೆ ಬೀಗ ಬೀಳುತ್ತದೆ.

ಆಮೇಲೊಂದು ದಿನ ಅವಳು ಜೋನ ಮಳಿಗೆಗೆ ಹೋಗಿ ಮಕ್ಕಳ ವಿಭಾಗದಲ್ಲಿ ಸುಮ್ಮನೆ ಕೂರುತ್ತಾಳೆ. ಗಿರಾಕಿಯೊಬ್ಬಳು ‘ಶೂ’ ಪುಸ್ತಕಗಳು ಇವೆಯೇ ಎಂದು ಕೇಳಿದರೆ ಕೆಲಸದವನಿಗೆ ಲೇಖಕಿಯ ಹೆಸರೇ ಗೊತ್ತಿಲ್ಲ. ನೋಯೆಲ್ ಸ್ಟ್ರೆಟ್‌ಫೀಲ್ಡ್ ಎಂದು ಕೂತಲ್ಲಿಂದಲೇ ಹೇಳಿಕೊಡುವವಳು ಕ್ಯಾಥ್ಲೀನ್. ಹೆಸರಿನ ಅಕ್ಷರಗಳನ್ನು ಬಿಡಿಸಿ ಹೇಳುವಾಗ ಅವಳಿಗೆ ಅಳು ಬರುತ್ತದೆ. ಅಂಗಡಿಯ ಜೊತೆಗೆ ಯಾವ ತಿಳಿವಳಿಕೆ ಹೋಯಿತು ಎನ್ನುವುದನ್ನು ಈ ದೃಶ್ಯಕ್ಕಿಂತ ಚೆನ್ನಾಗಿ ಹೇಳಲಾಗದು.

ಇಷ್ಟು ಬಲ್ಲ ಚಿತ್ರ ಕೊನೆಯಲ್ಲಿ ಕೈಚೆಲ್ಲುತ್ತದೆ. ಇಮೇಲಿನ ಗೆಳತಿ ಯಾರೆಂದು ಜೋಗೆ ಮೊದಲೇ ತಿಳಿದಿದೆ, ಅವಳಿಗೆ ಅವನ ಗುಟ್ಟು ತಿಳಿದಿಲ್ಲ. ಅಂಗಡಿ ಮುಚ್ಚಿಸಿದ್ದನ್ನು ಅವನು ತೀರಾ ಸಣ್ಣ ವಿಷಯವೆಂಬಂತೆ ಎತ್ತಿ ಕ್ಷಮೆ ಬಯಸುತ್ತಾನೆ. ಅವಳು ಉತ್ತರ ಕೊಡದೆ ಹೊರಟುಬಿಡುತ್ತಾಳೆ. ನನ್ನ ಪಾಲಿಗೆ ಇಡೀ ಕಥೆ ಕಾದಿದ್ದು ಆ ಉತ್ತರಕ್ಕೆ. ಅದು ಬರುವ ಮೊದಲೇ ಪಾರ್ಕಿನಲ್ಲಿ ಭೇಟಿ, ಕಣ್ಣೀರು, ಮುತ್ತು, ಮುಕ್ತಾಯ.

ಈ ಚಿತ್ರಕ್ಕೆ ಮೂಲವಾದ ಮಿಕ್ಲೋಸ್ ಲಾಸ್ಲೋನ ನಾಟಕದಿಂದ ಅರ್ನ್ಸ್ಟ್ ಲುಬಿಚ್ 1940ರಲ್ಲೇ ‘ದ ಶಾಪ್ ಅರೌಂಡ್ ದ ಕಾರ್ನರ್’ ಮಾಡಿದ್ದ. ಬುಡಾಪೆಸ್ಟಿನ ಒಂದೇ ಅಂಗಡಿಯಲ್ಲಿ ದುಡಿಯುತ್ತ, ಯಾರೆಂದು ತಿಳಿಯದೆಯೇ ಪರಸ್ಪರ ಪತ್ರ ಬರೆದುಕೊಳ್ಳುವ ಇಬ್ಬರು ಗುಮಾಸ್ತರ ಕಥೆ ಅದು. ಅಲ್ಲೂ ಅವರು ಒಂದಾಗುವುದು ಮೊದಲೇ ಗೊತ್ತು, ಅಲ್ಲೂ ನಾಯಕ ಗುಟ್ಟು ಬಿಡುವುದಿಲ್ಲ. ಆದರೆ ಪತ್ರದ ಗೆಳತಿ ಯಾರೆಂದು ಅವನಿಗೆ ತಿಳಿಯುವುದು ತನ್ನದೇ ಕೆಲಸ ಹೋದ ದಿನ. ಸಂಬಳ ನಂಬಿದ ಅವನ ಭಯವೂ ಅವಳ ಭಯವೂ ಒಂದೇ. ಅವಳ ಅನ್ನ ಕಿತ್ತುಕೊಂಡವನು ಅವನಲ್ಲ. ಅದಕ್ಕೇ ಕೊನೆಯಲ್ಲಿ ಅವನ ಕಾಲು ಸೊಟ್ಟಗಿದೆಯೋ ನೋಡಬೇಕು, ಪ್ಯಾಂಟು ಮೇಲೆತ್ತು ಎಂದು ಅವಳು ಕೇಳಿದಾಗ ನಾವು ಮನಸಾರೆ ನಗುತ್ತೇವೆ.

ಪ್ರೀತಿ ದೊಡ್ಡ ತಪ್ಪನ್ನೂ ಕ್ಷಮಿಸಬಲ್ಲದು, ಅದನ್ನು ನಾನು ನಂಬುತ್ತೇನೆ. ಆದರೆ ಕ್ಷಮಿಸುವುದು ಸುಲಭದ ಕೆಲಸವಲ್ಲ. ಆ ಕಷ್ಟವನ್ನು ತೆರೆಯ ಮೇಲೆ ತೋರಿಸುವ ಧೈರ್ಯ ಚಿತ್ರಕ್ಕಿದ್ದರೆ, ಹತ್ತು ಸಲ ಕಂಡ ಸುಖಾಂತವನ್ನೂ ನಾನು ಹನ್ನೊಂದನೆಯ ಸಲ ಸಂತೋಷದಿಂದ ನೋಡುತ್ತೇನೆ.