ಲೂಸ್ ಕಾಂಟ್ಯಾಕ್ಟ್

ನಾನು ಬಾಸ್ ಗಿಟಾರ್ ನುಡಿಸುತ್ತೇನೆ ಎಂದರೆ ನೆಂಟರು ಮೊದಲು ಕೇಳುವುದು, "ಅದಕ್ಕೆ ನಾಲ್ಕೇ ತಂತಿ ಯಾಕೆ?" ಎಂದು. ಎರಡನೆಯ ಪ್ರಶ್ನೆ, "ಹಾಡಿನಲ್ಲಿ ಅದು ಎಲ್ಲಿ ಕೇಳಿಸುತ್ತೆ?" ಕೇಳುವವರ ತಪ್ಪೇನಿಲ್ಲ. ಬಾಸ್‌ನ ದಪ್ಪ ತಂತಿಯನ್ನು ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ಸ್ವರ ಕಿವಿಗಿಂತ ಹೆಚ್ಚಾಗಿ ಎದೆಗೆ ತಾಗುತ್ತದೆ. ಇರುವಷ್ಟು ಹೊತ್ತು ಯಾರೂ ಗಮನಿಸುವುದಿಲ್ಲ. ನಿಂತುಹೋದಾಗ ಮಾತ್ರ ಹಾಡಿನ ಕೆಳಗಿನ ನೆಲ ಸರಿದಂತೆ ಎಲ್ಲರೂ ತಲೆಯೆತ್ತುತ್ತಾರೆ.

ಹೋದ ನವೆಂಬರಿನ ಒಂದು ಭಾನುವಾರ ಸಂಜೆ ಹಾಗೇ ಆಯಿತು. ಅಡ್ಯಾರಿನ ಒಂದು ಸಣ್ಣ ಸಭಾಂಗಣದಲ್ಲಿ ನಮ್ಮ ಕನ್ನಡ ಬಳಗದ ರಾಜ್ಯೋತ್ಸವ. ಹೊರಗೆ ಈಶಾನ್ಯ ಮಾರುತದ ಮಳೆ. ಒಳಗೆ ನೂರಿಪ್ಪತ್ತು ಜನ, ಬಿಸಿಬೇಳೆಬಾತಿನ ವಾಸನೆ, ವೇದಿಕೆಯ ಮೇಲೆ ನಾವು ಐದು ಮಂದಿ. ಶಂಕರ್ ನಾಗ್ ಅವರ 1981ರ 'ಗೀತಾ' ಚಿತ್ರದ ಒಂದು ಹಾಡನ್ನು ಆರಿಸಿಕೊಂಡಿದ್ದೆವು. ಸಂಗೀತ ಇಳಯರಾಜ ಅವರದು. ಸ್ವಂತ ಹೆಸರು ಮಾಡುವ ಮುಂಚೆ ಅವರು ಇದೇ ಊರಿನಲ್ಲಿ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದವರು. ಆಗ ನಮ್ಮ ಎಷ್ಟೋ ಸಿನಿಮಾ ಹಾಡುಗಳು ಮದ್ರಾಸಿನಲ್ಲೇ ಧ್ವನಿಮುದ್ರಣವಾಗುತ್ತಿದ್ದವು. ಹಾಗಾಗಿ ಚೆನ್ನೈ ಕನ್ನಡಿಗರಿಗೆ ಅಂಥ ಹಾಡೆಂದರೆ ತವರೂ ಹೌದು, ಈ ಊರೂ ಹೌದು. ಅದರಲ್ಲಿ ಬಾಸ್‌ಗೆ ಒಳ್ಳೆಯ ಕೆಲಸವಿದೆ. ಮೂರು ವಾರ ಅಭ್ಯಾಸ ಮಾಡಿದ್ದೆ.

ಎರಡನೆಯ ಚರಣಕ್ಕೆ ಬರುತ್ತಿದ್ದಂತೆ ಸ್ಪೀಕರಿನಿಂದ ಕರಕರ ಎಂದಿತು. ಆಮೇಲೆ "ಡಬ್" ಎಂಬ ಸದ್ದು, ಮುಂದಿನ ಸಾಲಿನಲ್ಲಿದ್ದ ಮಗುವೊಂದು ಬೆಚ್ಚಿಬೀಳುವಷ್ಟು ಜೋರಾಗಿ. ಆಮೇಲೆ ಏನೂ ಇಲ್ಲ. ನಾಲ್ಕು ಮಾತ್ರೆ ಕಳೆದು ಮತ್ತೆ ಸ್ವರ ಬಂತು, ಮತ್ತೆ ಹೋಯಿತು. ಹಾಡು ನಿಂತಿತು.

ಸೌಂಡ್ ನೋಡಿಕೊಳ್ಳುತ್ತಿದ್ದವನು ಇಂದಿರಾ ನಗರದ ಹುಡುಗ. ಡಿಪ್ಲೊಮಾ ಓದುತ್ತ, ವಾರಕ್ಕೊಂದೆರಡು ಇಂಥ ಕಾರ್ಯಕ್ರಮ ಹಿಡಿದು ಖರ್ಚಿಗೆ ದುಡ್ಡು ಮಾಡಿಕೊಳ್ಳುತ್ತಿದ್ದ. ಓಡಿಬಂದು ನನ್ನ ಪಕ್ಕ ಕೂತು, ತಮಿಳಿನಲ್ಲಿ ಮೆಲ್ಲಗೆ ಹೇಳಿದ: "ಸಾರ್, ಕೇಬಲ್ ಅಲ್ಲ ಅನ್ಸುತ್ತೆ. ಗಿಟಾರ್ ಜ್ಯಾಕ್ ಇರಬೇಕು. ಪ್ಲಗ್ ಸ್ವಲ್ಪ ಅಲುಗಾಡಿಸಿ ನೋಡ್ತೀರಾ?"

ನಾನು ಅಲುಗಾಡಿಸಲಿಲ್ಲ. ನೂರಿಪ್ಪತ್ತು ಜನ ನೋಡುತ್ತಿದ್ದರು. "ಎಂಥ ಕೇಬಲ್ ತಂದಿದ್ದೀಯಪ್ಪಾ? ಕೆಲಸಕ್ಕೆ ಬರೋ ಸಾಮಾನು ತರೋಕೆ ಆಗಲ್ವಾ?" ಎಂದೆ. ಎದುರಿಗಿದ್ದ ಮೈಕ್ ಆನ್ ಆಗಿಯೇ ಇತ್ತು. ಅವನು ಏನೂ ಹೇಳದೆ ಬೇರೆ ಕೇಬಲ್ ತಂದು ಚುಚ್ಚಿದ. ಬಾಸ್ ಸರಿಯಾಗಿ ನುಡಿಯಿತು, ಹಾಡು ಮುಗಿಯುವ ತನಕ ಒಂದು ಕರಕರವೂ ಇಲ್ಲ. ಅಲ್ಲಿಗೆ ನನ್ನ ಮಾತು ರುಜುವಾತಾಯಿತು. ಮುಂದಿನ ಕಾರ್ಯಕ್ರಮಕ್ಕೆ ಬಳಗದವರು ಬೇರೆ ಸೌಂಡ್‌ನವರನ್ನು ಗೊತ್ತುಮಾಡಿದರು.

ಸಂಕ್ರಾಂತಿ ಕಳೆದ ಮೇಲೆ, ಒಂದು ಶನಿವಾರ ಮಧ್ಯಾಹ್ನ ಮನೆಯಲ್ಲಿ, ನನ್ನದೇ ಕೇಬಲ್, ನನ್ನದೇ ಆಂಪ್ಲಿಫೈಯರ್, ಅದೇ ಕರಕರ. ಅದೇ "ಡಬ್".

ಇಂಥ ತೊಂದರೆಗೆ ನಮ್ಮಲ್ಲಿ ಒಂದೇ ಹೆಸರು: ಲೂಸ್ ಕಾಂಟ್ಯಾಕ್ಟ್. ಮಿಕ್ಸಿ, ಟ್ಯೂಬ್‌ಲೈಟ್, ಸ್ಕೂಟರಿನ ಹಾರ್ನ್, ಎಲ್ಲಕ್ಕೂ ಅದೇ. ಆದರೆ ಎಲ್ಲಿ ಲೂಸ್ ಎಂದು ಹುಡುಕಲು ಒಂದು ಕ್ರಮ ಬೇಕು. ಮೊದಲು ಅದೇ ಕೇಬಲನ್ನು ಮಗಳ ಕೀಬೋರ್ಡಿಗೆ ಹಾಕಿದೆ. ಸದ್ದಿಲ್ಲ. ಅಂದರೆ ಕೇಬಲ್ ಸರಿ, ಆಂಪ್ಲಿಫೈಯರೂ ಸರಿ. ಮತ್ತೆ ಬಾಸ್‌ಗೆ ಹಾಕಿ ವಾಲ್ಯೂಮ್, ಟೋನ್ ಗುಂಡಿಗಳನ್ನು ತಿರುಗಿಸಿದೆ. ತಿರುಗಿಸುವಾಗ ಮಾತ್ರ ಕರಕರ ಬಂದರೆ ದೋಷ ಆ ಗುಂಡಿಯ ಕೆಳಗಿನ ಪಾಟ್‌ನಲ್ಲಿ. ಬರಲಿಲ್ಲ. ಕೊನೆಗೆ ಗಿಟಾರಿನ ಬದಿಯಲ್ಲಿ ಪ್ಲಗ್ ಹಿಡಿದು ತುಸು ಅಲುಗಾಡಿಸಿದೆ. ಕರ್, ಕರ್, ಡಬ್.

ಹುಡುಗ ಮಾಡಿ ನೋಡಿ ಎಂದಿದ್ದು ಇದನ್ನೇ. ಎರಡು ಸೆಕೆಂಡಿನ ಕೆಲಸ.

ಗಿಟಾರಿನ ಈ ಜ್ಯಾಕ್ ಬಹಳ ಹಳೆಯ ವಸ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಟೆಲಿಫೋನ್ ಎಕ್ಸ್‌ಚೇಂಜುಗಳಿಗಾಗಿ ಹುಟ್ಟಿದ್ದು. ಆಪರೇಟರುಗಳು ಒಂದು ಕರೆಯನ್ನು ಇನ್ನೊಂದಕ್ಕೆ ಜೋಡಿಸಲು ಚುಚ್ಚುತ್ತಿದ್ದ ಕಾಲು ಇಂಚಿನ ಪ್ಲಗ್, ಅಂದರೆ 6.35 ಮಿಲಿಮೀಟರ್, ಇವತ್ತಿಗೂ ಹಾಗೇ ಇದೆ. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬಾಸ್ ಹೊರತಂದಾಗ ಅದಕ್ಕೂ ಇದೇ ಜ್ಯಾಕ್. ಫೆಂಡರ್ ಮೂಲತಃ ರೇಡಿಯೋ ರಿಪೇರಿಯವರು, ಗಿಟಾರ್ ನುಡಿಸಲು ಬಾರದವರು. ಬಿಚ್ಚಿ ಸರಿಮಾಡಲು ಬರುವಂಥ ವಾದ್ಯವನ್ನು ಅವರು ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ.

ನಾಲ್ಕು ಸ್ಕ್ರೂ ಬಿಚ್ಚಿ ಹಿಂಬದಿಯ ಮುಚ್ಚಳ ತೆಗೆದೆ. ಮೊದಲು ಬ್ಯಾಟರಿ ಕಳಚಿಟ್ಟು, ಯಾವ ತಂತಿ ಎಲ್ಲಿಗೆ ಎಂದು ಮೊಬೈಲಿನಲ್ಲಿ ಫೋಟೋ ಹಿಡಿದೆ. ನನ್ನ ಬಾಸ್ ಸೆಕೆಂಡ್‌ಹ್ಯಾಂಡ್, 'ಆ್ಯಕ್ಟಿವ್' ಜಾತಿಯದು. ಒಳಗೆ ಒಂಬತ್ತು ವೋಲ್ಟಿನ ಬ್ಯಾಟರಿಯಿಂದ ನಡೆಯುವ ಪುಟ್ಟ ಪ್ರೀಆಂಪ್ ಇದೆ. ಇಂಥವುಗಳಲ್ಲಿ ಬೇರೆ ಸ್ವಿಚ್ ಇರುವುದಿಲ್ಲ, ಜ್ಯಾಕೇ ಸ್ವಿಚ್. ಸಾಮಾನ್ಯ ಮೋನೋ ಜ್ಯಾಕಿನಲ್ಲಿ ಎರಡು ಸಂಪರ್ಕ ಸಾಕು: ಪ್ಲಗ್ಗಿನ ತುದಿಗೆ ಸ್ವರ, ಕಾಂಡಕ್ಕೆ ಅರ್ಥಿಂಗ್. ಇಲ್ಲಿ ಮೂರು ಸಂಪರ್ಕದ ಸ್ಟೀರಿಯೋ ಜ್ಯಾಕ್ ಹಾಕಿರುತ್ತಾರೆ. ಮೂರನೆಯದಕ್ಕೆ ಬ್ಯಾಟರಿಯ ಕಪ್ಪು ತಂತಿ. ಪ್ಲಗ್ ಒಳಗೆ ಹೋದಾಗ ಅದರ ಉದ್ದನೆಯ ಕಾಂಡ ಅರ್ಥಿಂಗನ್ನೂ ಈ ಮೂರನೆಯ ಸಂಪರ್ಕವನ್ನೂ ಒಟ್ಟಿಗೆ ಮುಟ್ಟುತ್ತದೆ, ಬ್ಯಾಟರಿ ಚಾಲೂ ಆಗುತ್ತದೆ. ಪ್ಲಗ್ ತೆಗೆದರೆ ಬಂದ್. ಕೇಬಲ್ ಚುಚ್ಚಿಟ್ಟೇ ಬಿಟ್ಟರೆ ನುಡಿಸದಿದ್ದರೂ ಬ್ಯಾಟರಿ ಇಳಿಯುತ್ತ ಹೋಗುವುದು ಇದಕ್ಕೇ.

ನನ್ನ ಜ್ಯಾಕಿನ ನಟ್ ಸಡಿಲವಾಗಿತ್ತು. ಪ್ರತಿ ಸಲ ಪ್ಲಗ್ ಹಾಕಿ ತಿರುಗಿಸಿದಾಗ ಇಡೀ ಜ್ಯಾಕ್ ಒಳಗೆ ತಿರುಗಿ, ತಂತಿಗಳನ್ನು ಹುರಿಹಗ್ಗದಂತೆ ಹೊಸೆದಿತ್ತು. ಕಪ್ಪು ತಂತಿಯ ಬೆಸುಗೆ ಬಿರುಕು ಬಿಟ್ಟಿತ್ತು. ತಂತಿ ಉದುರಿರಲಿಲ್ಲ, ಹಿಡಿದುಕೊಂಡೂ ಇರಲಿಲ್ಲ, ತೂತಿನಲ್ಲಿ ಸುಮ್ಮನೆ ಕೂತಿತ್ತು. ಅದು ಮುಟ್ಟಿ ಬಿಟ್ಟಾಗಲೆಲ್ಲ ಪ್ರೀಆಂಪ್ ಆನ್, ಆಫ್. "ಡಬ್" ಸದ್ದು ಅದೇ. ಜೊತೆಗೆ ಒಳಗಿನ ಸ್ಪ್ರಿಂಗ್ ಪಟ್ಟಿಗಳು ಕಪ್ಪಗಾಗಿದ್ದವು. ಸಮುದ್ರದಿಂದ ಒಂದು ಕಿಲೋಮೀಟರ್ ದೂರದ ಮನೆಯಲ್ಲಿ ಕಿಟಕಿಯ ಸರಳು, ಗೇಟಿನ ಕೀಲು, ಬೀಗ, ಯಾವುದನ್ನೂ ಉಪ್ಪುಗಾಳಿ ಬಿಡುವುದಿಲ್ಲ. ಜ್ಯಾಕನ್ನು ಏಕೆ ಬಿಟ್ಟೀತು?

ಮುಚ್ಚಳ ತೆಗೆದಿಟ್ಟು ಕೂತಿದ್ದಾಗ ನವೆಂಬರಿನ ಸಂಜೆ ಏನಾಯಿತೆಂದು ತಿಳಿಯಿತು. ಹುಡುಗ ಹೊಸ ಕೇಬಲ್ ಚುಚ್ಚಿದಾಗ ಸಡಿಲ ಜ್ಯಾಕ್ ಕೊಂಚ ತಿರುಗಿ, ಕಪ್ಪು ತಂತಿ ತನ್ನ ಜಾಗಕ್ಕೆ ಒತ್ತಿಕೊಂಡು ಕೂತಿದೆ. ಹಳೆಯ ಕೇಬಲನ್ನೇ ತೆಗೆದು ಮತ್ತೆ ಚುಚ್ಚಿದ್ದರೂ ಸರಿಹೋಗುತ್ತಿತ್ತು. ಅವನ ಮೇಲಿದ್ದ ಸಾಕ್ಷ್ಯ ಅಷ್ಟೇ.

ಸೋಮವಾರ ಇಂದಿರಾ ನಗರದಲ್ಲಿ ರೈಲು ಹತ್ತಿ ಚಿಂತಾದ್ರಿಪೇಟೆಯಲ್ಲಿಳಿದು ರಿಚ್ಚಿ ಸ್ಟ್ರೀಟಿಗೆ ನಡೆದೆ. ಮೌಂಟ್ ರೋಡಿನ ಪಕ್ಕದ ಆ ಗಲ್ಲಿಗಳಲ್ಲಿ ಸಿಗದ ಎಲೆಕ್ಟ್ರಾನಿಕ್ ಸಾಮಾನು ಕಡಿಮೆ. ಅಂಗಡಿಯವರು ಹಳೆಯ ಜ್ಯಾಕನ್ನು ಬೆಳಕಿಗೆ ಹಿಡಿದು, "ಸ್ಟೀರಿಯೋ" ಎಂದು ತಾವೇ ಹೇಳಿ ಎರಡು ನಮೂನೆ ಇಟ್ಟರು. ಒಂದೊಂದಕ್ಕೂ ಪ್ಲಗ್ ಹಾಕಿ ಅಲ್ಲಾಡಿಸಿ ತೋರಿಸಿದರು. ಪ್ಲಗ್ಗನ್ನು ಗಟ್ಟಿಯಾಗಿ ಕಚ್ಚುವುದನ್ನು ತೆಗೆದುಕೊಂಡೆ. ಇನ್ನೂರು ರೂಪಾಯಿಯೊಳಗೆ ಮುಗಿಯಿತು.

ಬೆಸುಗೆ ಹಾಕುವುದನ್ನು ನಾನು ಕಲಿತದ್ದು ಕಾಲೇಜಿನ ಲ್ಯಾಬಿನಲ್ಲಿ. ಸಾಲ್ಡರನ್ನು ಕಾಯಿಸಬಾರದು, ತಂತಿಯನ್ನೂ ಲಗ್ಗನ್ನೂ ಕಾಯಿಸಬೇಕು. ಅವು ಕಾದರೆ ಸಾಲ್ಡರ್ ತಾನಾಗಿ ಕರಗಿ ಹರಿಯುತ್ತದೆ. ಸರಿಯಾದ ಬೆಸುಗೆ ಹೊಳೆಯುತ್ತದೆ, ಅಂಚು ನಯವಾಗಿರುತ್ತದೆ. ಅವಸರ ಮಾಡಿದರೆ ಮೇಲೆ ಮಂಕಾದ ಗುಂಡು ಕೂರುತ್ತದೆ. ನೋಡಲು ಅಂಟಿದಂತಿದ್ದರೂ ಒಳಗೆ ಹಿಡಿದಿರುವುದಿಲ್ಲ. ಹಳೆಯ ಬೆಸುಗೆ ಅಂಥದ್ದೇ. ಗಿಟಾರಿನ ಮೈಗೆ ಹಳೇ ಟವೆಲ್ ಹೊದಿಸಿ, ಮೂರು ತಂತಿಗಳನ್ನೂ ಬೆಸೆದೆ. ನಟ್ ಬಿಗಿಮಾಡುವಾಗ ಒಳಗಿನಿಂದ ಜ್ಯಾಕನ್ನು ಬೆರಳಲ್ಲಿ ಹಿಡಿದುಕೊಂಡೆ, ಇಲ್ಲದಿದ್ದರೆ ತಂತಿ ಮತ್ತೆ ಹೊಸೆದುಕೊಳ್ಳುತ್ತದೆ. ಪ್ಲಗ್ ಹಾಕಿ ಅಲುಗಾಡಿಸಿದೆ, ಎಳೆದೆ, ತಟ್ಟಿದೆ. ಸದ್ದಿಲ್ಲ. ತಂತಿ ಮೀಟಿದರೆ ಕಿಟಕಿಯ ಗಾಜು ಗುಂಯ್ ಎಂದಿತು.

ಇವಳು ಅಡುಗೆಮನೆಯಿಂದ ಬಂದು, "ಸರಿಯಾಯ್ತಾ ರೀ?" ಎಂದಳು.

"ಆಯ್ತು. ಜ್ಯಾಕ್ ಹೋಗಿತ್ತು."

"ಹಾಗಾದ್ರೆ ಆ ಹುಡುಗಂಗೆ ಫೋನ್ ಮಾಡಿದ್ರಾ?"

ಮಾಡಿರಲಿಲ್ಲ. ಮರುದಿನ ಮಾಡಿದೆ. ಎಲ್ಲವನ್ನೂ ವಿವರವಾಗಿ ಹೇಳಿದೆ, ಸ್ಟೀರಿಯೋ ಜ್ಯಾಕು, ಕಪ್ಪು ತಂತಿ, ಬಿರುಕು. ವಿವರ ಅಗತ್ಯಕ್ಕಿಂತ ಉದ್ದವಾಯಿತು, ಏಕೆಂದರೆ 'ತಪ್ಪಾಯಿತು' ಎಂಬ ಒಂದು ಪದ ಕೊನೆಯಲ್ಲಿ ಕಾಯುತ್ತಿತ್ತು. ಅದನ್ನೂ ಹೇಳಿದೆ. ಅವನು, "ಪರವಾಯಿಲ್ಲೆ ಸಾರ್" ಎಂದ. ನಮ್ಮ 'ಪರವಾಗಿಲ್ಲ'ದ ತಮಿಳು ರೂಪ. ಎರಡೂ ಭಾಷೆಯಲ್ಲಿ ಆ ಮಾತಿಗೆ ಪರವಾಗಿದೆ ಎಂಬ ಅರ್ಥವೂ ಒಮ್ಮೊಮ್ಮೆ ಇರುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಸಾರ್, ಇದನ್ನ ಅವರಿಗೂ ಹೇಳ್ತೀರಾ?"

ಬೈದದ್ದು ಮೈಕಿನಲ್ಲಿ, ಕ್ಷಮೆ ಕೇಳಿದ್ದು ಫೋನಿನಲ್ಲಿ. ಲೆಕ್ಕ ಅವನಿಗೆ ಸರಿಯಾಗಿ ಗೊತ್ತಿತ್ತು.

ಬಳಗದ ವಾಟ್ಸ್ಯಾಪ್ ಗುಂಪಿಗೆ ನಾಲ್ಕು ಸಾಲು ಬರೆಯಲು ನನಗೆ ಎರಡು ದಿನ ಹಿಡಿಯಿತು. ಬೆಸುಗೆಗೆ ಇಪ್ಪತ್ತು ನಿಮಿಷ ಸಾಕಾಗಿತ್ತು. ಮೊದಲು ಬರೆದದ್ದರಲ್ಲಿ 'ತಾಂತ್ರಿಕ ಕಾರಣ' ಎಂಬ ಪದವಿತ್ತು. ಅದನ್ನು ತೆಗೆದೆ. ಕೊನೆಗೆ ಕಳಿಸಿದ್ದು: ರಾಜ್ಯೋತ್ಸವದ ದಿನ ಕೆಟ್ಟಿದ್ದು ನನ್ನ ಗಿಟಾರ್, ಅವನ ಕೇಬಲ್ ಅಲ್ಲ. ಅವನು ಅಲ್ಲೇ ಹೇಳಿದ್ದ. ನಾನು ಕೇಳಲಿಲ್ಲ. ಎಲ್ಲರೆದುರು ಬೈದೆ. ಮೂರು ಹೆಬ್ಬೆರಳು ಬಂದವು, ಒಬ್ಬರು ಕೈಮುಗಿದರು. ಯುಗಾದಿಗೆ ಅವನನ್ನೇ ಕರೆಯೋಣ ಎಂದು ಕಾರ್ಯದರ್ಶಿ ಬರೆದರು.

ಯುಗಾದಿಗೆ ಅವನು ಬಂದ. ಕೇಬಲುಗಳಿಗೆಲ್ಲ ಕೆಂಪು ಟೇಪು ಸುತ್ತಿ ನಂಬರ್ ಹಾಕಿದ್ದ. ನನ್ನದನ್ನು ಕೊಡುವ ಮೊದಲು ಜೇಬಿನಿಂದ ಮಲ್ಟಿಮೀಟರ್ ತೆಗೆದು, ಎರಡು ತುದಿಗೂ ಇಟ್ಟು, ಬೀಪ್ ಸದ್ದನ್ನು ನನಗೆ ಕೇಳಿಸಿದ. ಮುಂಚೆ ಹಾಗೆ ಮಾಡುತ್ತಿರಲಿಲ್ಲ.

ನಾನು ಏನೂ ಹೇಳಲಿಲ್ಲ. ಬಾಸನ್ನು ಅವನ ಕಡೆಗೆ ತಿರುಗಿಸಿ, "ಇದನ್ನೂ ನೋಡಿಬಿಡಪ್ಪಾ" ಎಂದೆ. ಅವನು ಪ್ಲಗ್ ಚುಚ್ಚಿ, ಅಲುಗಾಡಿಸಿ, ಸ್ಪೀಕರಿಗೆ ಕಿವಿಗೊಟ್ಟು, "ಓಕೆ ಸಾರ್" ಎಂದು ತನ್ನ ಮಿಕ್ಸರಿನ ಹಿಂದೆ ಹೋಗಿ ಕೂತ.