ಕಾಳಿಯ ದಂಡೆಯಲ್ಲಿ ಗಾಳ ಹಿಡಿದು

ಗಾಳ ಹಿಡಿದು ನದಿಯ ದಂಡೆಯಲ್ಲಿ ಕುಳಿತವನಷ್ಟು ನಿಶ್ಚಿಂತನಾದ ಮನುಷ್ಯನು ಲೋಕದಲ್ಲಿ ಮತ್ತೊಬ್ಬನಿಲ್ಲವೆಂದು ನಾನು ಬಹುಕಾಲ ನಂಬಿದ್ದೆನು. ಅವನಿಗೆ ಉತ್ತರಪತ್ರಿಕೆಗಳ ಕಟ್ಟುಗಳಿಲ್ಲ, ಮೇಲಧಿಕಾರಿಗಳಿಲ್ಲ, ಮನೆಯ ಬಾಡಿಗೆಯ ನೆನಪೂ ಆ ಹೊತ್ತಿನಲ್ಲಿ ಸುಳಿಯದು. ನೀರಿನ ಮೇಲೆ ತೇಲುವ ಒಂದು ಬೆಂಡು, ಅದರ ಮೇಲೆ ನೆಟ್ಟ ಎರಡು ಕಣ್ಣು, ಇಷ್ಟೇ ಅವನ ಪ್ರಪಂಚ. ಕಳೆದ ಡಿಸೆಂಬರಿನಲ್ಲಿ ದಾಂಡೇಲಿಯಲ್ಲಿ ನಾಲ್ಕು ದಿನಗಳನ್ನು ಕಳೆದು ಬಂದಂದಿನಿಂದ ನನ್ನ ಈ ನಂಬಿಕೆ ಸಡಿಲವಾಗಿದೆ.

ಧಾರವಾಡದಿಂದ ದಾಂಡೇಲಿಗೆ ಸುಮಾರು 55 ಕಿಲೋಮೀಟರು. ಹಳಿಯಾಳದವರೆಗೆ ಕಬ್ಬು, ಗೋವಿನಜೋಳ, ನಡುನಡುವೆ ಭತ್ತದ ಗದ್ದೆಗಳು ಜೊತೆಗೆ ಬರುತ್ತವೆ. ಅಲ್ಲಿಂದ ಮುಂದೆ ಸಾಗುವಾನಿಯೂ ಬಿದಿರೂ ರಸ್ತೆಯ ಎರಡು ಮಗ್ಗುಲಿಗೂ ಬಂದು ನಿಲ್ಲುತ್ತವೆ. ಗಾಳಿ ತಣ್ಣಗಾಗುತ್ತದೆ. ಬಸ್ಸಿನಲ್ಲಿ ಕನ್ನಡದೊಂದಿಗೆ ಕೊಂಕಣಿ, ಮರಾಠಿ, ಉರ್ದು ಮಾತುಗಳು ಬೆರೆಯುತ್ತವೆ. ನನ್ನ ಬಾಲ್ಯಸ್ನೇಹಿತರೊಬ್ಬರು ದಾಂಡೇಲಿಯಲ್ಲಿ ಮಾಸ್ತರರಾಗಿದ್ದಾರೆ. ಅವರ ಮನೆಯ ಹಿತ್ತಲಿನಿಂದ ಹೊಳೆಗೆ ಐದು ನಿಮಿಷದ ಹಾದಿ. ಬೆಳಗಿನ ಚಹದ ಹೊತ್ತಿಗೆ ಅತ್ತಿಯ ಮರದಲ್ಲಿ ಮಂಗಟ್ಟೆ ಹಕ್ಕಿಗಳು ಕರ್ಕಶವಾಗಿ ಕೂಗುತ್ತಿದ್ದವು. ಇಂಥ ಊರಿನಲ್ಲಿ ನಾಲ್ಕು ದಿನ ಏನನ್ನೂ ಮಾಡದೆ ಇರಬೇಕೆಂಬುದು ನನ್ನ ಸಂಕಲ್ಪವಾಗಿದ್ದಿತು. ಏನನ್ನೂ ಮಾಡದಿರುವವನಿಗೆ ಗಾಳಕ್ಕಿಂತ ಒಳ್ಳೆಯ ನೆಪ ಯಾವುದಿದೆ?

ಕಾಳಿಯು ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ, 184 ಕಿಲೋಮೀಟರು ಹರಿದು, ಕಾರವಾರದಲ್ಲಿ ಸಮುದ್ರವನ್ನು ಸೇರುತ್ತದೆ. ಅದರ ಸುತ್ತಣ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ನದಿಯ ಹೆಸರನ್ನೇ ಪಡೆಯಿತು. ಆ ಕಾಡಿನೊಳಗೆ ಗಾಳ ಹಾಕುವಂತಿಲ್ಲ. ನಾವು ಕುಳಿತದ್ದು ಊರ ಮಗ್ಗುಲಿನ ದಂಡೆಯಲ್ಲಿ. ದಾಂಡೇಲಿಗೆ ಮೇಲ್ಗಡೆ ಸೂಪಾ ಅಣೆಕಟ್ಟು, ಕೆಳಗಡೆ ಬೊಮ್ಮನಹಳ್ಳಿಯ ಅಣೆಕಟ್ಟು. ನಡುವೆ ಸಿಕ್ಕ ಈ ನೀರು ವರ್ಷವೆಲ್ಲ ಬತ್ತುವುದಿಲ್ಲ. ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಏರುತ್ತದೆ, ನಿಲ್ಲಿಸಿದಾಗ ಇಳಿಯುತ್ತದೆ. ಬತ್ತದ ನೀರು, ಬಿಸಿಲು ಕಾಯಲು ಬಂಡೆಗಳು, ಹೊಟ್ಟೆಗೆ ಮೀನು, ಅದರ ಮೇಲೆ ಊರವರು ದಂಡೆಗೆ ತಂದು ಸುರಿಯುವ ಕೋಳಿ ಮಾಂಸದ ಅಂಗಡಿಗಳ ಕಸ. ಮೊಸಳೆಗೆ ಇನ್ನೇನು ಬೇಕು? ಪ್ರವಾಸಿಗಳು ಹಣ ಕೊಟ್ಟು ಅದನ್ನು ನೋಡಲು ಬರುತ್ತಾರೆ. ನನಗೂ ಈ ಸಂಗತಿ ಗೊತ್ತಿಲ್ಲದೆ ಇರಲಿಲ್ಲ. ಎಚ್ಚರಿಕೆಯ ಫಲಕವನ್ನೂ ಓದಿದ್ದೆನು. ಓದಿ, ಅದರಲ್ಲಿನ ಒಂದು ಕಾಗುಣಿತದ ತಪ್ಪನ್ನು ಸ್ನೇಹಿತರಿಗೆ ತೋರಿಸಿ, ಮುಂದೆ ಹೋಗಿದ್ದೆನು. ಕನ್ನಡ ಅಧ್ಯಾಪಕರ ಹಣೆಬರಹವೇ ಅಷ್ಟು.

ಮೊದಲ ದಿನ ನೀರಿಗೆ ಚಾಚಿಕೊಂಡ ಒಂದು ಚಪ್ಪಟೆ ಬಂಡೆ ಸಿಕ್ಕಿತು. ಅದರ ಅಂಚಿನಲ್ಲಿ ಕುಳಿತು, ಪಾದಗಳನ್ನು ನೀರಿನಲ್ಲಿ ಇಳಿಬಿಟ್ಟು, ಬಿದಿರ ಕೋಲಿಗೆ ಎರೆಹುಳುವನ್ನು ಸಿಕ್ಕಿಸಿದ ಗಾಳವನ್ನು ಕಟ್ಟಿ ಎಸೆದೆನು. ಸಂಜೆಯೊಳಗೆ ಅಂಗೈಯಗಲದ ಎರಡು ಜಿಲೇಬಿ ಮೀನುಗಳು ಬಿದ್ದವು. ಎರಡನೆಯ ದಿನವೂ ಅದೇ ಬಂಡೆ, ಅದೇ ಹೊತ್ತು. ಈ ಸಲ ನಾಲ್ಕು. ಗೆದ್ದ ಹುರುಪಿನಲ್ಲಿ ಅವುಗಳನ್ನು ಅಲ್ಲಿಯೇ ಸೀಳಿ ತೊಳೆದು, ಕರುಳು ಕಿವಿರುಗಳನ್ನು ನೀರಿಗೆ ಚೆಲ್ಲಿದೆನು. ಎದುರು ದಡದ ಸಮೀಪದಲ್ಲಿ ಒಂದು ಕೊರಡು ತೇಲುತ್ತಿದ್ದುದು ಕಣ್ಣಿಗೆ ಬಿದ್ದಿತ್ತು. ಅದು ಹರಿವಿನೊಡನೆ ಸಾಗದೆ ನಿಂತಲ್ಲಿಯೇ ನಿಂತಿತ್ತೆಂಬುದು ಆಗ ಮನಸ್ಸಿಗೆ ಹೊಳೆಯಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನಾನು ಬಂಡೆಯತ್ತ ಇಳಿಯುತ್ತಿದ್ದಾಗ ಸ್ನೇಹಿತರ ನೆರೆಮನೆಯ ಮುದುಕರು ಹಿಂದಿನಿಂದ ಕೂಗಿದರು. ಓಣಿಯವರೆಲ್ಲರೂ ಅವರನ್ನು ಕಾಕಾ ಎನ್ನುವುದರಿಂದ ನನಗೂ ಅವರು ಕಾಕಾ. ನಲವತ್ತು ವರ್ಷಗಳಿಂದ ಈ ಹೊಳೆಯಲ್ಲಿ ಬಲೆ ಬೀಸಿ, ಗಾಳ ಹಾಕಿ ಬದುಕಿದವರು.

“ಸರ, ನಿನ್ನಿ ಎಲ್ಲಿ ಕುಂತಿದ್ರಿ?”

“ಇದ ಬಂಡಿ ಮ್ಯಾಲೆ, ಕಾಕಾ.”

“ಮೊನ್ನಿ?”

“ಮೊನ್ನೆನೂ ಇಲ್ಲೇ. ಮೀನು ಇಲ್ಲೇ ಚಲೋ ಸಿಗ್ತಾವ.”

“ಹಂಗಾರ ಇವತ್ತ ಇಲ್ಲಿ ಕುಂಡ್ರಬ್ಯಾಡ್ರಿ. ನಿಮಗ ಇಲ್ಲಿ ಸಿಗ್ತಾವಂತ ಗೊತ್ತಾತಲ್ಲ, ಅದಕ್ಕೂ ಗೊತ್ತಾಗಿರ್ತೈತಿ.”

‘ಅದು’ ಯಾವುದೆಂದು ನಾನು ಕೇಳಲಿಲ್ಲ. ಕಾಕಾ ನನ್ನನ್ನು ಎತ್ತರದ ದಿಬ್ಬಕ್ಕೆ ಕರೆದುಕೊಂಡು ಹೋಗಿ, ಒಂದು ಮತ್ತಿಯ ಮರದ ಬುಡದಲ್ಲಿ ಕುಳ್ಳಿರಿಸಿದರು. ಸುಮಾರು ಒಂದು ಗಂಟೆ ಕಳೆಯಿತು. ಮಂಜು ಹರಿದು ಬಿಸಿಲು ಬಂಡೆಯನ್ನು ಮುಟ್ಟಿತು. ಆಗ, ಹಿಂದಿನ ಸಂಜೆ ನಾನು ಕಾಲು ಇಳಿಬಿಟ್ಟಿದ್ದ ಸ್ಥಳದಿಂದ ಎರಡು ಮಾರು ದೂರದಲ್ಲಿ, ನೀರಿನ ಮೇಲೆ ಎರಡು ಗುಬಟುಗಳು ಮೂಡಿದವು. ಅವುಗಳ ಮುಂದೆ ಇನ್ನೊಂದು. ಒಂದಲೆಯೂ ಏಳಲಿಲ್ಲ, ಸಪ್ಪಳವೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಅದು ನಿಧಾನವಾಗಿ ಬಂಡೆಯನ್ನೇರಿ ಮೈ ಚಾಚಿತು. ಮೂರು ಮೀಟರಿಗೆ ಕಡಿಮೆ ಇರಲಾರದು. ಬಾಯನ್ನು ಅರೆ ತೆರೆದುಕೊಂಡು ಬಿದ್ದುಕೊಂಡಿತು. ನಾನು ಅಂಗೈಯನ್ನು ನೋಡಿಕೊಂಡೆನು, ಬೆವತಿತ್ತು.

ಮೊಸಳೆಯು ಬಾಯಿ ತೆರೆದುಕೊಂಡಿರುವುದು ನುಂಗುವುದಕ್ಕಲ್ಲ. ಮೈಯ ಶಾಖವನ್ನು ಹದದಲ್ಲಿಡಲು. ಬಂಡೆಯ ಮೇಲೆ ಕಾಣುವ ಮೊಸಳೆಗಿಂತ ಕಾಣದ ಮೊಸಳೆಗೆ ಅಂಜಬೇಕೆಂದು ಕಾಕಾ ಹೇಳಿದರು. ಅದರ ಕಣ್ಣು, ಕಿವಿ, ಮೂಗಿನ ಹೊಳ್ಳೆಗಳೆಲ್ಲವೂ ತಲೆಯ ಮೇಲ್ಭಾಗದಲ್ಲಿವೆ. ಅಷ್ಟನ್ನು ಮಾತ್ರ ಹೊರಗಿಟ್ಟು ಉಳಿದ ದೇಹವನ್ನೆಲ್ಲ ಮುಳುಗಿಸಬಲ್ಲದು. ಗಂಟಲಿನಲ್ಲಿ ಮುಚ್ಚಳದಂಥ ಒಂದು ಪರದೆಯಿದೆ. ಆದುದರಿಂದ ನೀರಿನೊಳಗೆ ಬಾಯಿ ತೆರೆದರೂ ಉಸಿರಿನ ದಾರಿಗೆ ನೀರು ನುಗ್ಗುವುದಿಲ್ಲ. ದವಡೆಯ ಮೇಲೆ ಚುಕ್ಕೆ ಇಟ್ಟಂತಿರುವ ಗುಳಿಗಳು ನೀರಿನ ಅತಿ ಸಣ್ಣ ಕಂಪನವನ್ನೂ ಗ್ರಹಿಸುತ್ತವೆ. ನಾನು ಎರಡು ದಿನ ಆನಂದದಿಂದ ಪಾದಗಳನ್ನು ಆಡಿಸಿದ್ದು ಒಂದು ಬಗೆಯ ಕರೆಗಂಟೆಯನ್ನು ಬಾರಿಸಿದಂತೆಯೇ ಆಗಿತ್ತು!

ದಿಬ್ಬದ ಮೇಲೆ ಕುಳಿತು ಇದನ್ನೆಲ್ಲ ಯೋಚಿಸುತ್ತಿದ್ದಂತೆ ನನಗೊಂದು ವಿಚಿತ್ರ ಹೊಳೆಯಿತು. ಗಾಳಗಾರನೂ ಮೊಸಳೆಯೂ ಒಂದೇ ಗುರುಕುಲದಲ್ಲಿ ಕಲಿತವರು. ಅಲುಗಾಡದೆ ಕುಳಿತಿರುವುದು, ಸದ್ದು ಮಾಡದಿರುವುದು, ಬೇಟೆ ಬರುವ ಜಾಗವನ್ನೂ ಹೊತ್ತನ್ನೂ ಗುರುತಿಟ್ಟುಕೊಂಡು ಮತ್ತೆ ಮತ್ತೆ ಅಲ್ಲಿಗೇ ಬರುವುದು, ಇವೆಲ್ಲ ನಾವು ಗಾಳಗಾರನಲ್ಲಿ ಮೆಚ್ಚುವ ಗುಣಗಳು. ಮೊಸಳೆಯ ವಿದ್ಯೆಯೂ ಇದೇ. ಅದು ಬೆನ್ನಟ್ಟಿ ಕೊಲ್ಲುವ ಪ್ರಾಣಿಯಲ್ಲ. ನೀರಿನಂಚಿನಲ್ಲಿ ಕಾದು, ಒಮ್ಮೆಗೇ ಮೇಲೆ ಚಿಮ್ಮಿ, ಒಳಕ್ಕೆ ಎಳೆಯುವಂಥದು. ಗಾಳ ಹಿಡಿದವನು ತನ್ನ ಕಲೆಯಲ್ಲಿ ಪಳಗಿದಷ್ಟೂ ಅದಕ್ಕೆ ಸುಲಭನಾಗುತ್ತಾನೆ. ಬಟ್ಟೆ ಒಗೆಯುವವರು ಗದ್ದಲ ಮಾಡುತ್ತಾರೆ, ಗುಂಪಾಗಿರುತ್ತಾರೆ, ಬೇಗ ಎದ್ದು ಹೋಗುತ್ತಾರೆ. ಗಾಳದವನು ಒಂಟಿ; ಮೂರು ಗಂಟೆ ಒಂದೇ ಕಡೆ; ಕಣ್ಣು ಬೆಂಡಿನ ಮೇಲೆ, ಬೆಂಡಿನ ಆಚೀಚೆಗಿಲ್ಲ.

ಆ ಮಧ್ಯಾಹ್ನ ಇನ್ನೊಂದು ಪಾಠವಾಯಿತು. ದೂರದ ಒಂದು ತೆರೆದ ದಂಡೆಯಲ್ಲಿ, ನೀರಿನಿಂದ ಮೂರು ನಾಲ್ಕು ಮಾರು ಹಿಂದೆ ಕುಳಿತು ಉದ್ದನೆಯ ದಾರದಿಂದ ಗಾಳವೆಸೆದಿದ್ದೆವು. ನನ್ನ ಗಾಳ ಬಂಡೆಯ ಬಿರುಕಿನಲ್ಲಿ ಸಿಕ್ಕಿಕೊಂಡಿತು. ಜಗ್ಗಿದರೆ ಬರಲೊಲ್ಲದು. ಮೊಣಕಾಲುದ್ದದ ನೀರು, ನಾಲ್ಕು ಹೆಜ್ಜೆ ಹೋದರೆ ಬಿಡಿಸಿಕೊಂಡು ಬರಬಹುದು. ನಾನು ಪ್ಯಾಂಟನ್ನು ಮಡಿಚಿಕೊಂಡು ಎದ್ದೆನು. ಬೆಳಿಗ್ಗೆ ಕಂಡದ್ದನ್ನೆಲ್ಲ ಕಂಡ ಮೇಲೂ ಎದ್ದೆನೆಂಬುದನ್ನು ಓದುಗರು ಗಮನಿಸಬೇಕು. ಕಾಕಾ ನನ್ನ ರಟ್ಟೆಯನ್ನು ಹಿಡಿದರು, ಹಿಡಿತ ಮೃದುವಾಗಿರಲಿಲ್ಲ.

“ಹತ್ತ ರೂಪಾಯಿ ಗಾಳ ಸರ, ಹೋಗ್ಲಿ. ನಿಮ್ಮ ಕಾಲಿಗೆ ಎಷ್ಟು ರೊಕ್ಕ?”

ಅವರು ಚಾಕುವಿನಿಂದ ದಾರವನ್ನು ಕತ್ತರಿಸಿದರು. ಅನಂತರ ಬಹಳ ಹೊತ್ತು ಮಾತನಾಡಲಿಲ್ಲ. ಮಾತನಾಡಿದಾಗ ಹೇಳಿದ್ದು 2021ರ ಅಕ್ಟೋಬರಿನ ಸಂಗತಿಯನ್ನು. ಇದೇ ಊರಿನ ಎಳೆಯ ಹುಡುಗನೊಬ್ಬನು ಈ ನದಿಯ ದಂಡೆಯಲ್ಲಿ ಗಾಳ ಹಾಕುತ್ತಿದ್ದಾಗ ಮೊಸಳೆಯು ಅವನನ್ನು ನೀರಿಗೆ ಎಳೆದೊಯ್ದಿತು. ಆ ಸುದ್ದಿಯನ್ನು ನಾನು ಅಂದು ಧಾರವಾಡದಲ್ಲಿ ಪತ್ರಿಕೆಯಲ್ಲಿ ಓದಿ, ಪುಟ ತಿರುಗಿಸಿದ್ದೆನು. ಕಾಕಾ ಅವನ ಹೆಸರನ್ನೂ ಹೇಳಿದರು. ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ.

ನನಗೆ ಗಾಳವೆಂದರೆ ರಜೆಯ ವಿನೋದ. ಈ ದಂಡೆಯ ಎಷ್ಟೋ ಮನೆಗಳಿಗೆ ಅದು ಸಂಜೆಯ ಸಾರು. ಶಾಲೆ ಬಿಟ್ಟ ಹುಡುಗರು ಪಾಟಿಚೀಲವನ್ನು ಮನೆಯಲ್ಲಿ ಎಸೆದು ನೇರವಾಗಿ ಹೊಳೆಗೆ ಬರುತ್ತಾರೆ. ‘ಹೊಳೆಗೆ ಹೋಗಬೇಡಿ’ ಎಂಬ ಉಪದೇಶ ನಮ್ಮಂಥವರಿಗೆ ಸಾಕು, ಅವರಿಗೆ ಸಾಲದು. ಹೋದರೆ ಹೇಗೆ ಕುಳ್ಳಿರಬೇಕೆಂಬುದನ್ನು ಯಾರಾದರೂ ಹೇಳಿಕೊಡಬೇಕು. ಕಾಕಾ ಮಾಡುತ್ತಿರುವುದು ಅದನ್ನೇ.

ಅವರ ಶಾಸ್ತ್ರ ಹೀಗಿದೆ. ನಿನ್ನೆ ಕುಳಿತಲ್ಲಿ ಇಂದು ಕುಳಿತುಕೊಳ್ಳಬಾರದು, ಮೀನು ಎಷ್ಟೇ ಕಚ್ಚಲಿ. ನೀರಿನಿಂದ ಹಿಂದೆ, ಸಾಧ್ಯವಾದರೆ ಎತ್ತರದಲ್ಲಿ, ಎದುರಿನ ನೀರು ತಳದವರೆಗೆ ಕಾಣುವ ಕಡೆ. ದಡದ ಪಕ್ಕದಲ್ಲೇ ಆಳವಾದ ಕಪ್ಪು ನೀರಿದ್ದರೆ ಅಲ್ಲಿ ಬೇಡ. ಜೊಂಡು ಬೆಳೆದಿದ್ದರೆ ಬೇಡ. ಸೂಪಾದಿಂದ ನೀರು ಬಿಟ್ಟರೆ, ಹಿಂದೆ ಕುಳಿತವನೂ ಅರ್ಧ ಗಂಟೆಯಲ್ಲಿ ಅಂಚಿನವನಾಗಿಬಿಡುತ್ತಾನೆ. ಆದುದರಿಂದ ಒಂದು ಕಡ್ಡಿಯನ್ನು ನೀರಿನಂಚಿಗೆ ನೆಟ್ಟು ಆಗಾಗ ನೋಡುತ್ತಿರಬೇಕು. (ಈ ಕಡ್ಡಿಯ ಉಪಾಯ ನನಗೆ ಬಹಳ ಹಿಡಿಸಿತು.) ಹಿಡಿದ ಮೀನನ್ನು ದಾರಕ್ಕೆ ಪೋಣಿಸಿ ನೀರಿನಲ್ಲಿ ಇಳಿಬಿಡುವುದು ಅತ್ಯಂತ ಅಪಾಯ, ಅದು ಬೇಟೆಗೆ ಇಟ್ಟ ಎರೆ. ಮೀನನ್ನು ಮನೆಯಲ್ಲಿ ಸೀಳಬೇಕು. ಇಬ್ಬರು ಹೋದರೆ ಒಬ್ಬನು ಗಾಳ ನೋಡಬೇಕು, ಇನ್ನೊಬ್ಬನು ನೀರು ನೋಡಬೇಕು. ಬಗ್ಗಿ ಕೈಕಾಲು ತೊಳೆಯುವ ಚಾಳಿ ಬಿಡಬೇಕು. ಬಗ್ಗಿದ ಮನುಷ್ಯನು ನೀರಿನೊಳಗಿನ ಕಣ್ಣಿಗೆ ನಾಯಿಯಷ್ಟೇ, ಕುರಿಯಷ್ಟೇ. ಕತ್ತಲಾಗುವುದಕ್ಕೆ ಮುಂಚೆ ಏಳಬೇಕು.

ಒಮ್ಮೆ ಹಿಡಿದರೆ? “ಕಣ್ಣಿಗೆ ತಿವೀರಿ. ಅಲ್ಲಿ ಅದಕ್ಕ ನೋವು ಹತ್ತತೈತಿ,” ಎಂದರು. ಗಜೇಂದ್ರಮೋಕ್ಷದ ಕಥೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿರುವೆನೋ! ವಿಷ್ಣು ಬರುವವರೆಗೆ ಸೆಣಸಿ ನಿಲ್ಲುವ ಶಕ್ತಿ ಆನೆಗಿತ್ತು. ನನ್ನ ತೂಕ 62 ಕಿಲೋಗ್ರಾಂ.

ಬೇಸಗೆಯಲ್ಲಿ ಇನ್ನೊಂದು ಎಚ್ಚರ ಕೂಡಿಕೊಳ್ಳುತ್ತದೆ. ಫೆಬ್ರವರಿಯಿಂದ ಏಪ್ರಿಲಿನೊಳಗೆ ಹೆಣ್ಣು ಮೊಸಳೆಯು ದಂಡೆಯ ಮರಳಿನಲ್ಲೋ ಮಣ್ಣಿನಲ್ಲೋ ಗುಂಡಿ ತೋಡಿ ಇಪ್ಪತ್ತೈದು ಮೂವತ್ತು ಮೊಟ್ಟೆಗಳನ್ನು ಇಟ್ಟು ಮುಚ್ಚುತ್ತದೆ. ಎರಡು ತಿಂಗಳ ಮೇಲೆ, ಮಳೆಗಾಲದ ಹೊಸ್ತಿಲಲ್ಲಿ, ಮರಿಗಳು ಒಳಗಿನಿಂದ ಕೂಗಿದಾಗ ಬಂದು ಅಗೆದು, ಅದೇ ಭಯಂಕರ ಬಾಯಲ್ಲಿ ಅವುಗಳನ್ನು ಮೆಲ್ಲನೆ ಕಚ್ಚಿಕೊಂಡು ನೀರಿಗೆ ಬಿಡುತ್ತದೆ. ಆ ತಿಂಗಳುಗಳಲ್ಲಿ ಹೊಸ ಮಣ್ಣು ಕೆದರಿದ ದಂಡೆಯ ಸಮೀಪಕ್ಕೂ ಹೋಗಬಾರದು. ದಂಡೆಯಲ್ಲಿ ಬಿಲ ತೋಡಿ ಒಳಗೆ ಇರುವುದೂ ಈ ಜಾತಿಗೆ ರೂಢಿ. ನಾವು ಕುಳಿತ ನೆಲದ ಕೆಳಗೇ ಮನೆಯವರು ಇರಬಹುದು! ದಂಡೆಯ ಹುಲ್ಲಿನಲ್ಲಿ ಕೊಳಕುಮಂಡಲದ ಭಯವೂ ಉಂಟು. ಅದಕ್ಕೆ ಬೂಟು, ಕೋಲು, ಬ್ಯಾಟರಿ ಸಾಕು.

ಇಷ್ಟೆಲ್ಲ ಕೇಳಿದ ಮೇಲೆ, “ಇವನ್ನೆಲ್ಲ ಹಿಡಿದು ಬ್ಯಾರೆ ಕಡೆ ಒಯ್ದು ಬಿಡಬಾರದೇನು ಕಾಕಾ?” ಎಂದೆನು. ಅವರು ನಕ್ಕರು. ಚರ್ಮದ ಆಸೆಗೆ ಕೊಂದು ಕೊಂದು ದೇಶದಲ್ಲಿ ಮೊಸಳೆಯೇ ಅಳಿಯುವಂತಾದಾಗ 1972ರ ಕಾಯಿದೆ ಅದಕ್ಕೆ ರಕ್ಷಣೆ ಕೊಟ್ಟಿತು. 1975ರಲ್ಲಿ ಮೊಸಳೆಗಳನ್ನು ಸಾಕಿ ಹೆಚ್ಚಿಸುವ ಯೋಜನೆಯೂ ಆರಂಭವಾಯಿತು. ಕಾಕಾ ಕಾಯಿದೆಯ ಮಾತನ್ನಾಡಲಿಲ್ಲ. “ಹೊಳಿ ಅದರದು ಸರ. ಕಸಾ ನಮ್ಮದು,” ಎಂದಷ್ಟೇ ಹೇಳಿ, ಕೋಳಿಯ ಗರಿಗಳು ತೇಲುತ್ತಿದ್ದ ಕಡೆಗೆ ಗಲ್ಲವನ್ನೆತ್ತಿ ತೋರಿಸಿದರು. ನೆರೆಯ ಗೋವೆಯಲ್ಲಿ ಗೌಡ ಸಮುದಾಯದವರು ವರ್ಷಕ್ಕೊಮ್ಮೆ ಹೊಲದಂಚಿನಲ್ಲಿ ಕೆಸರಿನ ಮೊಸಳೆಯನ್ನು ಮಾಡಿ ಪೂಜಿಸುತ್ತಾರೆಂಬುದು ನನಗೆ ನೆನಪಾಯಿತು. ನೀರಿನೊಡನೆ ಬಾಳುವವರು ಅದರೊಡನೆ ಒಂದು ಒಪ್ಪಂದ ಮಾಡಿಕೊಂಡಿರಬೇಕು.

ಕೊನೆಯ ಸಂಜೆ ಇಬ್ಬರು ಹುಡುಗರು ಬಿದಿರ ಕೋಲುಗಳೊಡನೆ ನನ್ನ ಹಳೆಯ ಬಂಡೆಯತ್ತ ಇಳಿಯುತ್ತಿದ್ದರು. ಕಾಕಾ ದಿಬ್ಬದಿಂದ ಉರ್ದುವಿನಲ್ಲಿ ಏನೋ ಬೈದರು. ಹುಡುಗರು ಹಲ್ಲು ಕಿರಿದು, ಹತ್ತು ಹೆಜ್ಜೆ ಹಿಂದೆ ಸರಿದು ಕುಳಿತರು. ಕಾಕಾ ಇನ್ನೊಮ್ಮೆ ಬೈದರು, ಇನ್ನೈದು ಹೆಜ್ಜೆ. ಕತ್ತಲಾಗುವ ಮುನ್ನ ಅವರನ್ನು ಎಬ್ಬಿಸಿ, ಮುಂದೆ ಮಾಡಿಕೊಂಡು ನಾವು ಏರಿ ಬಂದೆವು. ಹಿತ್ತಲ ಬೇಲಿಯ ಬಳಿ ಸ್ನೇಹಿತರು ಬ್ಯಾಟರಿಯನ್ನು ಹೊಳೆಯ ಕಡೆಗೆ ಹಿಡಿದರು. ಬಂಡೆಯ ಮುಂದೆ, ನೀರಿನ ಮಟ್ಟದಲ್ಲಿ, ಎರಡು ಕೆಂಡಗಳು ಹೊತ್ತಿಕೊಂಡವು. ಸ್ವಲ್ಪ ಹೊತ್ತು ನಮ್ಮತ್ತಲೇ ಇದ್ದು, ಆರಿದವು. ಹುಡುಗರಲ್ಲಿ ಚಿಕ್ಕವನು ಮೀನಿನ ಚೀಲವನ್ನು ಎದೆಗೆ ಅವುಚಿಕೊಂಡು ಮನೆಯ ಕಡೆಗೆ ಓಡಿದನು.