ಮೊದಲು ಮಲ ಪರೀಕ್ಷೆ ಮಾಡಿ, ಆಮೇಲೆ ನಮ್ಮ ಕೇರಿ



ಇದನ್ನ ಬರೆಯೋಕೆ ನಾಚಿಕೆ ಆಗ್ತಿತ್ತು. ಆದ್ರೆ ಚಿಂತಾಮಣಿ ಸಭೆಗೆ, ಗೌರಿಬಿದನೂರು ಧರಣಿಗೆ ಯಾಕೆ ಬರಲಿಲ್ಲ ಅಂತ ಕೇಳಿದವರಿಗೆ ಉತ್ತರ ಕೊಡಬೇಕಲ್ಲ.

ನನಗೆ ಒಂಬತ್ತು ವರ್ಷದಿಂದ ಅಲ್ಸರೇಟಿವ್ ಕೊಲೈಟಿಸ್ ಇದೆ. ದೊಡ್ಡ ಕರುಳಿನ ಒಳಪದರ ಊದಿ ಹುಣ್ಣಾಗುತ್ತೆ, ರಕ್ತಭೇದಿ ಆಗುತ್ತೆ. ಅಂಟುರೋಗ ಅಲ್ಲ.

ಕಳೆದ ಮಳೆಗಾಲದಲ್ಲಿ ಹಲ್ಲು ಕೀಳಿಸಿ ಆಂಟಿಬಯಾಟಿಕ್ ನುಂಗಿದ್ದೆ. ಆಮೇಲೆ ದಿನಕ್ಕೆ ಹನ್ನೆರಡು ಸಲ ಭೇದಿ ಶುರುವಾಯ್ತು. ಶಿಡ್ಲಘಟ್ಟದ ಕಡೆ ತೋರಿಸಿದ ಡಾಕ್ಟರ್ ಚೀಟಿಯಲ್ಲಿದ್ದ ಕಾಲೊನಿ ಹೆಸರು ನೋಡಿ, "ದನದ ಮಾಂಸ ತಿಂದಿದ್ರಾ? ನಿಮ್ ಕಡೆ ನೀರು ಹೆಂಗಿರುತ್ತೆ ಗೊತ್ತಲ್ಲ" ಅಂದ್ರು. ಮಾಡಿದ ಪರೀಕ್ಷೆ ಅದೊಂದೇ. ಹಳೇ ಕಾಯಿಲೆ ಕೆರಳಿದೆ ಅಂತ ಸ್ಟೀರಾಯ್ಡ್ ಡೋಸ್ ಏರಿಸಿ ಕಳಿಸಿದ್ರು. ಇನ್ನೂ ಹೆಚ್ಚಾಯ್ತು.

ಕೊನೆಗೆ ಬೆಂಗಳೂರಲ್ಲಿ ಮಲ ಪರೀಕ್ಷೆ ಮಾಡಿದಾಗ ಗೊತ್ತಾಯ್ತು: ಸಿ. ಡಿಫಿಸಿಲ್ ಅನ್ನೋ ಬ್ಯಾಕ್ಟೀರಿಯಾ. ಆಂಟಿಬಯಾಟಿಕ್ ಕರುಳಿನ ಒಳ್ಳೆ ಬ್ಯಾಕ್ಟೀರಿಯಾಗಳನ್ನ ಕೊಂದಾಗ ಇದು ಬೆಳೆಯುತ್ತೆ. ನಮ್ಮಂಥ ಕರುಳಿನವರಿಗೆ ಬರೋದು ಜಾಸ್ತಿ. ಲಕ್ಷಣ ಮಾತ್ರ ಹಳೇ ಕಾಯಿಲೆಯ ಥರಾನೇ, ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಹತ್ತು ದಿನ ವ್ಯಾಂಕೊಮೈಸಿನ್ ನುಂಗಿದ ಮೇಲೆ ಎದ್ದು ಕೂತೆ.

ತಮಾಷೆ ಏನಂದ್ರೆ, ಈ ಬ್ಯಾಕ್ಟೀರಿಯಾ ಹೆಚ್ಚು ಹರಡೋ ಜಾಗಗಳಲ್ಲಿ ಆಸ್ಪತ್ರೆಯೂ ಒಂದು. ಬೈಸಿಕೊಂಡದ್ದು ನಮ್ಮ ಕೇರಿ!

1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆ ನೀರು ಕುಡಿದರು ಅಂತ ಆ ಕೆರೆಗೆ ಸಗಣಿ, ಗಂಜಲ ಸುರಿದು 'ಶುದ್ಧ' ಮಾಡಿದ್ರು. ಕೊಳೆ ಎಲ್ಲಿದೆ ಅಂತ ಜಾತಿ ತೋರಿಸೋ ಬೆರಳು ಇವತ್ತಿಗೂ ತಪ್ಪು ಕಡೆಗೇ ತೋರಿಸ್ತಿದೆ.

ಹಾಗಂತ ನೀರಿನ ವಿಷಯ ಸುಳ್ಳಲ್ಲ. ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಥರದವು ಕೆಟ್ಟ ನೀರು, ಸರಿಯಾಗಿ ಬೇಯದ ಆಹಾರದಿಂದ ಬರುತ್ತವೆ. ಚರಂಡಿಯೊಳಗೆ ನಲ್ಲಿ ಪೈಪು ಹಾಕಿದ್ರೆ ಅದು ಆಡಳಿತದ ತಪ್ಪು, ನಮ್ಮ ಜಾತಿಯ ಗುಣ ಅಲ್ಲ. ಅದಕ್ಕೆ ಹೋರಾಟ ಇದ್ದೇ ಇದೆ.

ಈ ಕಾಯಿಲೆ ಇರೋರಿಗೆ ಇಷ್ಟೇ ಮಾತು. ಭೇದಿ ಜಾಸ್ತಿಯಾದ್ರೆ ಸ್ಟೀರಾಯ್ಡ್ ನೀವಾಗೇ ಏರಿಸಬೇಡಿ, ನಿಲ್ಲಿಸಲೂಬೇಡಿ. ಆಂಟಿಬಯಾಟಿಕ್ ತಗೊಂಡಿದ್ರೆ ಡಾಕ್ಟರಿಗೆ ಹೇಳಿ. ಸಿ. ಡಿಫಿಸಿಲ್ ಪರೀಕ್ಷೆ ಅಂತ ಹೆಸರು ಹಿಡಿದು ಕೇಳಿ. ಮಾಮೂಲಿ ಮಲ ಪರೀಕ್ಷೆಯಲ್ಲಿ ಅದು ಸಿಗಲ್ಲ. ಕೈಗೆ ಸೋಪು, ನೀರೇ ಬೇಕು. ಸ್ಯಾನಿಟೈಸರಿಗೆ ಇದು ಸಾಯಲ್ಲ.

ಚಿಕ್ಕಬಳ್ಳಾಪುರದ ಮುಂದಿನ ಸಭೆಗೆ ಬರ್ತೀನಿ. ಶೌಚಾಲಯ ಇರೋ ಜಾಗ ನೋಡಿ, ಹೆಣ್ಣುಮಕ್ಕಳಿಗೂ ಅನುಕೂಲ.

ಜೈ ಭೀಮ್.